ಹೋಲ್‌ಸೇಲ್ ಸ್ಟೋರ್ ಕಾರ್ಡ್ ಮಾಡಿಸಿದ್ರೆ ನಿಜವಾಗ್ಲೂ ದುಡ್ಡು ಉಳಿಯುತ್ತಾ?

ಪ್ರಶ್ನೆ: ತುಮಕೂರಿನ ಶಿರಾ ಗೇಟ್ ಕಡೆ ನಮ್ಮ ಮನೆ. ಅತ್ತೆ, ನಾವಿಬ್ಬರು, ಎರಡು ಮಕ್ಕಳು, ಒಟ್ಟು ಐದು ಜನ. ದಿನಸಿಗೆ ತಿಂಗಳಿಗೆ ಏಳೆಂಟು ಸಾವಿರ ಆಗುತ್ತೆ. ದೊಡ್ಡ ಹೋಲ್‌ಸೇಲ್ ಸ್ಟೋರ್‌ನಲ್ಲಿ ಕಾರ್ಡ್ ಮಾಡಿಸಿಕೊಂಡು ಮೂಟೆಗಟ್ಟಲೆ ತಂದ್ರೆ ತುಂಬಾ ಉಳಿಯುತ್ತೆ ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮೈದುನ ಸಣ್ಣದೊಂದು ಟಿಫನ್ ಸೆಂಟರ್ ನಡೆಸ್ತಾನೆ, ಜಿಎಸ್‌ಟಿ ನಂಬರ್ ಇದೆ. ಅವನ ಹೆಸರಲ್ಲಿ ಕಾರ್ಡ್ ಮಾಡಿಸಿ ಮನೆಗೂ ಅದರಲ್ಲೇ ತರೋಣ ಅಂತ ಯೋಚನೆ. ಅಮೆರಿಕದಲ್ಲಿರೋ ನಾದಿನಿ ಅಂತೂ ಅಲ್ಲಿನ ಹೋಲ್‌ಸೇಲ್ ಸ್ಟೋರ್ ಕಾಸ್ಟ್‌ಕೊದ ಕಾರ್ಡ್ ಇಲ್ಲದೆ ಸಂಸಾರ ನಡೆಯೋದೇ ಇಲ್ಲ ಅಂತಾಳೆ. ಮಾಡಿಸಬಹುದಾ?

ಉತ್ತರ: ಮನೆಗೆ ಅಂತ ದುಡ್ಡು ಕೊಟ್ಟು ಕಾರ್ಡ್ ಮಾಡಿಸೋದು ಬೇಡ. ಪುಕ್ಕಟೆ ಸಿಕ್ಕಿದರೆ ಇಟ್ಟುಕೊಳ್ಳಿ, ಆದರೆ ನಾಲ್ಕೈದು ಸಾಮಾನಿಗೆ ಮಾತ್ರ ಬಳಸಿ. ನಿಮ್ಮ ಮೈದುನರ ಅಂಗಡಿಗೆ ಕಾರ್ಡ್ ಖಂಡಿತ ಉಪಯೋಗಕ್ಕೆ ಬರಬಹುದು. ಆದರೆ ಅವರ ಕಾರ್ಡಿನಲ್ಲಿ ಮನೆ ಸಾಮಾನು ತರುವ ಯೋಚನೆಯನ್ನು ಮಾತ್ರ ಕೈಬಿಡಿ.

ನಿಮ್ಮ ನಾದಿನಿ ಹೇಳೋದು ಅವರ ಊರಿಗೆ ಸರಿಯೇ. ಅಮೆರಿಕದಲ್ಲಿ ಕಾಸ್ಟ್‌ಕೊ ಕಾರ್ಡಿಗೆ ವರ್ಷಕ್ಕೆ 65 ಡಾಲರ್, ಎಕ್ಸಿಕ್ಯೂಟಿವ್ ಕಾರ್ಡಿಗೆ 130 ಡಾಲರ್. 2024ರ ಸೆಪ್ಟೆಂಬರ್‌ನಲ್ಲಿ ಬಂದ ದರ ಇದು. ಎಕ್ಸಿಕ್ಯೂಟಿವ್ ಕಾರ್ಡಿನವರಿಗೆ ಕೊಂಡ ಮೊತ್ತದ ಶೇ 2ರಷ್ಟು ವಾಪಸ್ ಬರುತ್ತೆ. ಅಂದರೆ ಈ ಕಾರ್ಡಿಗೆ ಹೆಚ್ಚಿಗೆ ಕೊಟ್ಟ 65 ಡಾಲರ್ ಗಿಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್, ತಿಂಗಳಿಗೆ ಸುಮಾರು 270 ಡಾಲರ್ ಸಾಮಾನು ತರಬೇಕು. ಕಾರಿರುವ, ಗ್ಯಾರೇಜಿನಲ್ಲಿ ಇನ್ನೊಂದು ಫ್ರಿಜ್ ಇಟ್ಟುಕೊಂಡಿರುವ ಮನೆಗೆ ಅದೇನು ದೊಡ್ಡದಲ್ಲ. ಆ ಕಂಪನಿ ಮಾಲಿನ ಮೇಲೆ ಇಟ್ಟುಕೊಳ್ಳುವ ಲಾಭ ಹೆಚ್ಚೂಕಡಿಮೆ ಶೇ 14-15ಕ್ಕೆ ನಿಲ್ಲುತ್ತೆ. ಅದರ ನಿಜವಾದ ಗಳಿಕೆಯಲ್ಲಿ ಅರ್ಧದಷ್ಟು ಬರೋದು ಈ ಕಾರ್ಡ್ ಶುಲ್ಕದಿಂದಲೇ. ಹಾಗಾಗಿ ಅಲ್ಲಿ ಶುಲ್ಕ ಕೊಟ್ಟವರಿಗೆ ಬೆಲೆಯಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ.

ಆದರೆ ಅವರ ಊರಿನಲ್ಲಿ ತುಮಕೂರಿನ ಮಂಡಿಪೇಟೆಯಂಥ ಸಗಟು ದಿನಸಿ ಪೇಟೆ ಇಲ್ಲ. ನಿಮಗೆ ಇದೆ. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಇರೋದೇ ಇದರಲ್ಲಿ.

ಸ್ಟೋರಿನವರು ಉಳಿತಾಯ ತೋರಿಸೋದು ಎಂಆರ್‌ಪಿಗೆ ಹೋಲಿಸಿ. "ಎಂಆರ್‌ಪಿ 240, ನಮ್ಮ ಬೆಲೆ 205" ಅಂತ ಬೋರ್ಡ್ ಇರುತ್ತೆ. ಮೂವತ್ತೈದು ರೂಪಾಯಿ ಉಳಿಯಿತು ಅನ್ನಿಸುತ್ತೆ. ಆದರೆ ತುಮಕೂರಿನಲ್ಲಿ ಬೇಳೆಯನ್ನೋ ಎಣ್ಣೆಯನ್ನೋ ಎಂಆರ್‌ಪಿ ಕೊಟ್ಟು ಯಾರು ತರ್ತಾರೆ, ಹೇಳಿ? ನಿಮ್ಮ ಬೀದಿಯ ಅಂಗಡಿಯವರೇ ನಾಲ್ಕು ರೂಪಾಯಿ ಬಿಡ್ತಾರೆ. ಡಿಮಾರ್ಟ್‌ನಂಥ ಕಡೆ ಕಾರ್ಡೇ ಇಲ್ಲದೆ ಎಂಆರ್‌ಪಿಗಿಂತ ಕಡಿಮೆಗೆ ಸಿಗುತ್ತೆ. ಮಂಡಿಪೇಟೆಯಲ್ಲಿ ಮೂಟೆ ತಗೊಂಡರಂತೂ ಬೆಲೆ ಇನ್ನೂ ಇಳಿಯುತ್ತೆ. ಅಲ್ಲಿ ಮೂಟೆಗೆ ಕೈ ಹಾಕಿ ಕಾಳು ನೋಡಬಹುದು, ಎರಡು ಬೇಳೆ ಬಾಯಿಗೆ ಹಾಕಿ ಹಳೆಯದೋ ಹೊಸದೋ ಅಂತ ತಿಳ್ಕೋಬಹುದು. ಆದ್ದರಿಂದ ನೀವು ಹೋಲಿಸಬೇಕಾದ್ದು ಸ್ಟೋರ್ ಬೆಲೆಯನ್ನು ನೀವು ಈಗ ಕೈಯಿಂದ ಕೊಡ್ತಿರುವ ಬೆಲೆಗೆ.

ನಿಮ್ಮದೇ ಲೆಕ್ಕ ಹಾಕೋಣ. ತಿಂಗಳಿಗೆ ಏಳೂವರೆ ಸಾವಿರ ಅಂದರೆ ವರ್ಷಕ್ಕೆ 90,000 ರೂಪಾಯಿ. ಅದರಲ್ಲಿ ಜಾಸ್ತಿ ತಂದಿಟ್ಟರೂ ಕೆಡದ ಸಾಮಾನು ಅರ್ಧ ಅಂತ ಇಟ್ಟುಕೊಳ್ಳಿ, 45,000. ನೀವು ಈಗ ಕೊಡ್ತಿರುವ ಬೆಲೆಗಿಂತ ಸ್ಟೋರ್‌ನಲ್ಲಿ ಶೇ 5 ಕಡಿಮೆ ಸಿಕ್ಕಿತು ಅನ್ನಿ. ವರ್ಷಕ್ಕೆ 2,250 ಉಳಿಯಿತು. ಈಗ ಮೂಟೆ, ಟಿನ್ನು ಸ್ಕೂಟರ್ ಮೇಲೆ ಬರೋದಿಲ್ಲ, ಆಟೋ ಬೇಕು. ಹೋಗಿ ಬರೋಕೆ 150 ರೂಪಾಯಿ, ತಿಂಗಳಿಗೆ ಒಂದು ಸಲ ಅಂದರೆ ವರ್ಷಕ್ಕೆ 1,800. ಕೈಯಲ್ಲಿ ಉಳಿದದ್ದು 450. ಕಾರ್ಡಿಗೆ 500 ಅಂತ ಶುಲ್ಕ ಇದ್ದರೂ ನಷ್ಟವೇ. ಇದನ್ನೇ ಎಂಆರ್‌ಪಿಗೆ ಹೋಲಿಸಿ ಶೇ 12 ಉಳಿತಾಯ ಅಂತ ಲೆಕ್ಕ ಹಾಕಿದ್ದರೆ 5,400 ರೂಪಾಯಿ ಉಳಿದ ಹಾಗೆ ಕಾಣ್ತಿತ್ತು. ನಿಮಗೆ "ತುಂಬಾ ಉಳಿಯುತ್ತೆ" ಅಂದವರು ಈ ಎರಡನೇ ಲೆಕ್ಕ ಹಾಕಿರ್ತಾರೆ.

ಬೆಂಗಳೂರಿನ ದೊಡ್ಡ ಸ್ಟೋರಿಗೇ ಹೋಗಿ ತರೋಣ ಅನ್ನೋರೂ ಇದ್ದಾರೆ. ಹೋಗಿಬರೋಕೆ ಸುಮಾರು 140 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಓಡುವ ಕಾರಿಗೂ ಒಂಬತ್ತು ಲೀಟರ್ ಮೇಲೆ ಪೆಟ್ರೋಲ್ ಬೇಕು, ಟೋಲ್ ಬೇರೆ. ಸಾವಿರ ರೂಪಾಯಿ ದಾರಿಯಲ್ಲೇ ಹೋಯ್ತು. ಬೇರೆ ಕೆಲಸಕ್ಕೆ ಹೋದಾಗ ತಂದರೆ ಸರಿ, ಇದಕ್ಕೇ ಅಂತ ಹೋಗೋದು ಬೇಡ.

ಇನ್ನು ಬೆಲೆ ಹೋಲಿಸುವಾಗ ಎರಡು ಕಡೆ ಕಣ್ಣಿಡಿ.

ಒಂದು, ಎಣ್ಣೆ ಟಿನ್. ಒಂದು ಟಿನ್ನಿನ ಮೇಲೆ 15 ಲೀಟರ್ ಅಂತ ಇರುತ್ತೆ, ಪಕ್ಕದ್ದರ ಮೇಲೆ 15 ಕೆಜಿ. ನೋಡೋಕೆ ಎರಡೂ ಒಂದೇ. ಆದರೆ ಒಂದು ಲೀಟರ್ ಅಡುಗೆ ಎಣ್ಣೆ ತೂಗೋದು ಸುಮಾರು 910 ಗ್ರಾಂ. ಹಾಗಾಗಿ 15 ಲೀಟರ್ ಟಿನ್ನಿನಲ್ಲಿ ಇರೋದು ಹದಿಮೂರುಮುಕ್ಕಾಲು ಕೆಜಿಯೂ ಇಲ್ಲ. 15 ಕೆಜಿ ಟಿನ್ನಿನಲ್ಲಿ ಸುಮಾರು ಹದಿನಾರೂವರೆ ಲೀಟರ್ ಇರುತ್ತೆ. ಒಂದೂವರೆ ಲೀಟರ್ ವ್ಯತ್ಯಾಸ! ಲೀಟರಿಗೆ 150 ಅಂದರೆ 220 ರೂಪಾಯಿ ಹತ್ತಿರ. "ಟಿನ್ನಿಗೆ ನೂರು ರೂಪಾಯಿ ಕಡಿಮೆ" ಅಂತ ಲೀಟರ್ ಟಿನ್ ಎತ್ತಿಕೊಂಡು ಬಂದರೆ ಉಳಿತಾಯ ಅಲ್ಲ, ಮೇಲೆ ಕೊಟ್ಟು ಬಂದ ಹಾಗೆ. ಪಾಕೆಟ್‌ಗಳಲ್ಲೂ ಅಷ್ಟೇ, ಲೀಟರಿನ ಥರ ಕಂಡರೂ ಒಳಗೆ ಕಡಿಮೆ ಇರುವಂಥವು ಬಂದಿವೆ. ಈಗ ಪಾಕೆಟ್ ಮೇಲೆ ಎಂಆರ್‌ಪಿ ಹತ್ತಿರವೇ ಗ್ರಾಂಗೆ ಅಥವಾ ಕೆಜಿಗೆ ಎಷ್ಟು ಬೀಳುತ್ತೆ ಅಂತಲೂ ಸಣ್ಣ ಅಕ್ಷರದಲ್ಲಿ ಹಾಕಿರ್ತಾರೆ. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಇನ್ನೊಂದು, ಅಕ್ಕಿ ಮೂಟೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆ, ಹಿಟ್ಟು 25 ಕೆಜಿವರೆಗಿನ ಚೀಲದಲ್ಲಿದ್ದರೆ ಶೇ 5 ಜಿಎಸ್‌ಟಿ ಬಂತು. 25 ಕೆಜಿ ದಾಟಿದ ಮೂಟೆಗೆ ಇಲ್ಲ. ಅಂಗಡಿಗಳಲ್ಲಿ 26 ಕೆಜಿ ಮೂಟೆ ಯಾಕೆ ಬಂತು ಅಂತ ನಿಮಗೆ ಯೋಚನೆ ಬಂದಿದ್ದರೆ ಕಾರಣ ಇದೇ. ಕೆಜಿಗೆ 60 ರೂಪಾಯಿ ಅಕ್ಕಿಯ 25 ಕೆಜಿ ಚೀಲಕ್ಕೆ 75 ರೂಪಾಯಿ ತೆರಿಗೆ ಆಗುತ್ತೆ. ಮಂಡಿಯಲ್ಲಿ ತೆರೆದ ಮೂಟೆಯಿಂದ ತೂಗಿಸಿಕೊಂಡರೂ ಈ ತೆರಿಗೆ ಇಲ್ಲ. ಜೊತೆಗೆ ಕೆಲವು ಹೋಲ್‌ಸೇಲ್ ಸ್ಟೋರ್‌ಗಳಲ್ಲಿ ದೊಡ್ಡ ಅಂಕಿಯಲ್ಲಿ ಬರೆದಿರುವ ಬೆಲೆ ತೆರಿಗೆ ಬಿಟ್ಟ ಬೆಲೆ, ಬಿಲ್ಲಿನಲ್ಲಿ ತೆರಿಗೆ ಸೇರುತ್ತೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆ ಸೇರಿಯೇ ಇರುತ್ತೆ. ಒಂದು ತೆರಿಗೆ ಬಿಟ್ಟದ್ದು, ಇನ್ನೊಂದು ಸೇರಿಸಿದ್ದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಮೋಸ ಹೋಗ್ತೀರಿ.

ಏನು ಜಾಸ್ತಿ ತರಬೇಕು ಅನ್ನೋದು ನಿಮ್ಮ ಅತ್ತೆಯವರಿಗೆ ಚೆನ್ನಾಗಿ ಗೊತ್ತಿರುತ್ತೆ, ಅವರನ್ನೇ ಕೇಳಿ. ಮೂಟೆಯಲ್ಲಿ ತರೋದು ನಮ್ಮ ಕಡೆಯವರಿಗೆ ಹೊಸದಲ್ಲ. ಹಿಂದೆ ರಾಗಿಯನ್ನು ಹಗೇವಿಗೆ, ಅಂದರೆ ನೆಲದೊಳಗಿನ ಕಣಜಕ್ಕೆ ಹಾಕಿ ವರ್ಷಗಟ್ಟಲೆ ಇಡ್ತಿದ್ದರು. ರಾಗಿ ಕಾಳು ಅಷ್ಟು ಗಟ್ಟಿ, ಹುಳ ಹಿಡಿಯೋದು ಕಡಿಮೆ. ಅದೇ ರಾಗಿ ಹಿಟ್ಟು ಒಂದೆರಡು ತಿಂಗಳಲ್ಲಿ ರುಚಿ ಕೆಡುತ್ತೆ. ಅದಕ್ಕೇ ಕಾಳು ಮೂಟೆಯಲ್ಲಿ ತಂದು, ಹಿಟ್ಟು ಮಾತ್ರ ಬೇಕಾದಷ್ಟೇ ಬೀಸಿಸೋದು. ಹುಣಸೆಹಣ್ಣು, ಒಣಮೆಣಸಿನಕಾಯಿ ಸೀಸನ್‌ನಲ್ಲಿ ವರ್ಷಕ್ಕಾಗುವಷ್ಟು ತಗೊಳ್ಳಿ. ತುಮಕೂರು ಹುಣಸೆಹಣ್ಣಿಗೆ ಹೆಸರಾದ ಮಾರುಕಟ್ಟೆ. ಹೊಸ ಹಣ್ಣು ಬರುವ ಫೆಬ್ರವರಿ, ಮಾರ್ಚ್‌ನಲ್ಲಿ ಕೊಂಡರೆ ಆಗುವ ಉಳಿತಾಯ ಯಾವ ಕಾರ್ಡಿನಿಂದಲೂ ಆಗಲ್ಲ. ರವೆ, ಮೈದಾ, ಕಡಲೆಬೀಜ ಐದು ಕೆಜಿ ತರಲೇಬೇಡಿ. ರವೆಗೆ ಹುಳ ಬೀಳುತ್ತೆ, ಕಡಲೆಬೀಜ ಕಮಟು ಹಿಡಿಯುತ್ತೆ. ಬೇಳೆ ಎರಡು ತಿಂಗಳಿಗಾಗುವಷ್ಟು ಸಾಕು. ಐದು ಜನರ ಮನೆಗೆ ತಿಂಗಳಿಗೆ ನಾಲ್ಕೈದು ಲೀಟರ್ ಎಣ್ಣೆ ಅಂದರೆ ಒಂದು ಟಿನ್ ಮೂರು ನಾಲ್ಕು ತಿಂಗಳು ತೆರೆದೇ ಇರುತ್ತೆ, ಕೊನೆಗೆ ಅದೂ ಕಮಟು. ಮನೆಗೆ ಐದು ಲೀಟರ್ ಕ್ಯಾನ್ ವಾಸಿ.

ಸೋಪು, ಬಟ್ಟೆ ಪೌಡರ್, ಫಿನಾಯಿಲ್, ಪೇಸ್ಟು ಕೆಡೋದಿಲ್ಲ. ಪುಕ್ಕಟೆ ಕಾರ್ಡ್ ಇದ್ದರೆ ಇವನ್ನು ತನ್ನಿ. ಅದೂ ಮೂರು ತಿಂಗಳಿಗಾಗುವಷ್ಟು. 2025ರ ಸೆಪ್ಟೆಂಬರ್ 22ರಂದು ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ಅದಕ್ಕೆ ಮುಂಚೆ ವರ್ಷದ ಸೋಪು ತುಂಬಿಟ್ಟುಕೊಂಡವರು ಹಳೆ ಬೆಲೆ ಕೊಟ್ಟಿದ್ದರು. ಬಿಸ್ಕತ್ತು, ಚಿಪ್ಸು, ಜ್ಯೂಸಿನ ದೊಡ್ಡ ಪ್ಯಾಕ್ ವಿಷಯ ನಿಮಗೇ ಗೊತ್ತು. ಎರಡು ಮಕ್ಕಳಿರುವ ಮನೆಯಲ್ಲಿ ತಿಂಗಳಿಗೆ ಅಂತ ತಂದದ್ದು ವಾರಕ್ಕೆ ಖಾಲಿ.

ಈಗ ಮೈದುನರ ಕಾರ್ಡಿನ ವಿಷಯಕ್ಕೆ ಬರ್ತೀನಿ. ನಮ್ಮ ದೇಶದಲ್ಲಿ ಇಂಥ ಸ್ಟೋರ್‌ಗಳು ಶುರುವಾದದ್ದೇ ವ್ಯಾಪಾರಿಗಳಿಗೆ ಅಂತ. ಜರ್ಮನಿಯ ಮೆಟ್ರೊ 2003ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಾಗಿಲು ತೆಗೆಯಿತು. ವಿದೇಶಿ ಕಂಪನಿಗಳಿಗೆ ಸಗಟು ವ್ಯಾಪಾರಕ್ಕೆ ಪೂರ್ತಿ ಅವಕಾಶ ಇತ್ತು, ಮನೆಯವರಿಗೆ ನೇರ ಚಿಲ್ಲರೆ ಮಾರೋಕೆ ಇರಲಿಲ್ಲ. ಆದ್ದರಿಂದ ಕಾರ್ಡಿಗೆ ದುಡ್ಡು ಕೇಳ್ತಿರಲಿಲ್ಲ, ಅಂಗಡಿಯ ಕಾಗದಪತ್ರ ಕೇಳ್ತಿದ್ದರು. ಆಮೇಲೆ 2023ರಲ್ಲಿ ಮೆಟ್ರೊದ ಭಾರತದ ವ್ಯಾಪಾರ ರಿಲಯನ್ಸ್ ಕೈಗೆ ಹೋಯಿತು. ವ್ಯಾಪಾರಿಯ ಹೆಸರಲ್ಲಿ ಕಾರ್ಡ್ ಕೊಡುವ ಕಡೆ ಪ್ರತಿ ಬಿಲ್ಲೂ ಆ ಜಿಎಸ್‌ಟಿ ನಂಬರಿಗೇ ಹೋಗುತ್ತೆ.

ತೊಂದರೆ ಇರೋದು ಇಲ್ಲೇ. ನೀವು ತಂದ ಶಾಂಪೂ, ಮಕ್ಕಳ ಡೈಪರ್, ದೀಪಾವಳಿಗೆ ಕೊಂಡ ಮಿಕ್ಸಿ, ಎಲ್ಲವೂ ಟಿಫನ್ ಸೆಂಟರ್ ಕೊಂಡ ಮಾಲು ಅಂತ ಜಿಎಸ್‌ಟಿ ಪೋರ್ಟಲ್‌ನಲ್ಲಿ ಕೂರುತ್ತೆ. ನಾಳೆ ಅಧಿಕಾರಿಗಳು "ಇಷ್ಟು ಕೊಂಡಿದ್ದೀರಿ, ಮಾರಾಟ ಇಷ್ಟೇ ಯಾಕೆ?" ಅಂತ ಕೇಳಿದರೆ ಉತ್ತರ ಹೇಳಬೇಕಾದ್ದು ಅವರು. ತಿಂಗಳಿಗೆ ಇನ್ನೂರು ರೂಪಾಯಿ ಉಳಿಸೋಕೆ ಹೋಗಿ ಅವರನ್ನು ಆಡಿಟರ್ ಮುಂದೆ ಕೂರಿಸಬೇಡಿ.

ಅವರ ಅಂಗಡಿಗೆ ಲಾಭ ಇದೆಯಾ ಅನ್ನೋದು ಬೇರೆ ಲೆಕ್ಕ. ಇಡ್ಲಿ ಅಕ್ಕಿ, ಉದ್ದಿನಬೇಳೆ, ಎಣ್ಣೆ ವಾರವಾರ ಖಾಲಿ ಆಗುವ ಜಾಗ ಅದು, ಕೆಡುವ ಭಯ ಇಲ್ಲ. ಟಿಶ್ಯೂ, ಪಾರ್ಸೆಲ್ ಡಬ್ಬಿ, ಪಾತ್ರೆ ತೊಳೆಯುವ ಲಿಕ್ವಿಡ್ ಐದು ಲೀಟರ್ ಕ್ಯಾನು, ಇಂಥವು ಸ್ಟೋರ್‌ನಲ್ಲಿ ಒಂದೇ ಸೂರಿನಡಿ ಸಿಗ್ತವೆ, ಬೆಲೆಯೂ ಚೆನ್ನಾಗಿರುತ್ತೆ. ಬೇಳೆ, ಅಕ್ಕಿಗೆ ಮಾತ್ರ ಮಂಡಿಪೇಟೆಯ ಬೆಲೆ ಫೋನಿನಲ್ಲಿ ಕೇಳಿಕೊಂಡೇ ಹೋಗಲಿ. "ಜಿಎಸ್‌ಟಿ ಬಿಲ್ ತಗೊಂಡರೆ ತೆರಿಗೆ ವಾಪಸ್ ಬರುತ್ತೆ" ಅಂತ ಯಾರಾದರೂ ಅವರಿಗೆ ಹೇಳಿದ್ದರೆ ಅದನ್ನು ನಂಬಿ ಲೆಕ್ಕ ಹಾಕೋದು ಬೇಡ. 2017ರ ನವೆಂಬರ್‌ನಿಂದ ಶೇ 5 ತೆರಿಗೆ ಕಟ್ಟುವ ಸಾಮಾನ್ಯ ಹೋಟೆಲ್‌ಗಳಿಗೆ ಕೊಂಡ ಮಾಲಿನ ತೆರಿಗೆ ವಾಪಸ್ ಇಲ್ಲ. ಕಾಂಪೊಸಿಷನ್‌ನಲ್ಲಿ, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ಜಿಎಸ್‌ಟಿ ಯೋಜನೆಯಲ್ಲಿ ಇರುವವರಿಗೂ ಇಲ್ಲ. ಬಿಲ್ಲಿನ ಕೊನೆಯ ಮೊತ್ತವೇ ಅವರಿಗೆ ನಿಜವಾದ ಬೆಲೆ.

ಸಾಲದ ವಿಷಯವೂ ಇದೆ. ಮಂಡಿಯವರು ಗೊತ್ತಿರುವ ಹೋಟೆಲಿನವರಿಗೆ ವಾರ, ಹದಿನೈದು ದಿನ ಬರೆದುಕೊಂಡು ಮಾಲು ಕೊಡ್ತಾರೆ, ಗೂಡ್ಸ್ ಆಟೋದಲ್ಲಿ ಕಳಿಸಿಯೂ ಕೊಡ್ತಾರೆ. ಮೂಟೆಯಲ್ಲಿ ಹುಳ ಬಂದರೆ ಬದಲಾಯಿಸಿಕೊಡ್ತಾರೆ. ಬಂಡವಾಳ ಕಡಿಮೆ ಇರುವ ಅಂಗಡಿಗೆ ಇದು ಶೇ 2-3ರ ರಿಯಾಯಿತಿಗಿಂತ ದೊಡ್ಡದು.

ನಿಮ್ಮ ಮನೆಗೆ ನಾನು ಹೇಳೋದು ಇಷ್ಟು. ಅಕ್ಕಪಕ್ಕದ ಎರಡು ಮನೆಯವರನ್ನು ಸೇರಿಸಿಕೊಳ್ಳಿ. ತಿಂಗಳ ಮೊದಲ ವಾರ ಒಬ್ಬರು ಮಂಡಿಪೇಟೆಗೆ ಹೋಗಿ ಒಂದು ಮೂಟೆ ತೊಗರಿಬೇಳೆ ತಂದು ತೂಗಿ ಹಂಚಿಕೊಳ್ಳಿ. ಮೂಟೆ ಬೆಲೆಯೂ ಸಿಗುತ್ತೆ, ಆಟೋ ಖರ್ಚೂ ಮೂರು ಪಾಲಾಗುತ್ತೆ, ಬೇಳೆಯೂ ಹುಳ ಬೀಳುವ ಮುಂಚೆ ಖರ್ಚಾಗುತ್ತೆ. ಕಾರ್ಡ್ ಬೇಕೇಬೇಕು ಅನ್ನಿಸಿದರೆ ಮೊದಲು ಈ ತಿಂಗಳ ಅಂಗಡಿ ಚೀಟಿ ಕೈಯಲ್ಲಿ ಹಿಡಿದು ಸ್ಟೋರಿಗೆ ಸುಮ್ನೆ ಒಂದು ಸುತ್ತು ಹೋಗಿ ಬನ್ನಿ. ನೀವು ತರುವ ಹತ್ತು ಸಾಮಾನಿನ ಬೆಲೆ, ಕೆಜಿ ಲೆಕ್ಕದಲ್ಲಿ, ತೆರಿಗೆ ಸೇರಿಸಿ, ಚೀಟಿಯ ಪಕ್ಕದಲ್ಲೇ ಬರೆದುಕೊಳ್ಳಿ. ವರ್ಷಕ್ಕೆ ಎಷ್ಟು ಉಳಿಯುತ್ತೆ ಅಂತ ಅಲ್ಲೇ ಗೊತ್ತಾಗುತ್ತೆ. ಆಟೋ ಖರ್ಚು, ಕಾರ್ಡ್ ಶುಲ್ಕ ಎರಡನ್ನೂ ಕಳೆದ ಮೇಲೂ ಸಾವಿರ ರೂಪಾಯಿ ಮಿಕ್ಕರೆ ನಿಮ್ಮ ಹೆಸರಲ್ಲೇ ಮಾಡಿಸಿ. ಮಾಡಿಸುವಾಗ ಮುಂದಿನ ವರ್ಷ ತಾನಾಗೇ ನವೀಕರಣ ಆಗಿ ಖಾತೆಯಿಂದ ದುಡ್ಡು ಹೋಗುತ್ತಾ ಅಂತಲೂ ಕೇಳಿಕೊಳ್ಳಿ.