ಹೊಸ ಕಂಟ್ರೋಲರ್ ಬೇಕಾ? ಮೊದಲು ಹಳೆಯದನ್ನು ಕೊಡಿ

ಏಪ್ರಿಲ್ ಬಂತೆಂದರೆ ನನ್ನ ಬೆಂಚಿನ ಮೇಲೆ ಜಾಗವೇ ಇರುವುದಿಲ್ಲ. ಮೈಸೂರಿನಲ್ಲಿ ಲ್ಯಾಪ್‌ಟಾಪ್, ಕೀಬೋರ್ಡ್, ಗೇಮ್ ಕಂಟ್ರೋಲರ್ ರಿಪೇರಿ ಮಾಡುವುದು ನನ್ನ ಕೆಲಸ. ಪರೀಕ್ಷೆ ಮುಗಿದ ಮಾರನೇ ದಿನವೇ ಹುಡುಗರು ಬಂದು ನಿಲ್ಲುತ್ತಾರೆ. ಹಿಂದೆ ಅಪ್ಪ, ಜೇಬಿನ ಮೇಲೆ ಕೈ.

ಹೋದ ವರ್ಷ ಹೀಗೇ ಒಬ್ಬ ಬಂದ. ಒಂಬತ್ತನೇ ಕ್ಲಾಸ್ ಇರಬೇಕು. "ಅಣ್ಣಾ, ನನ್ನ ಕಂಟ್ರೋಲರ್ ಹೋಯ್ತು. ಪಿಸಿಗೆ ಹೊಸದು ಯಾವುದು ತಗೊಳ್ಳಲಿ?" ಫೋನಿನಲ್ಲಿ ಆಗಲೇ ನಾಲ್ಕು ಚಿತ್ರ ತೆರೆದಿಟ್ಟಿದ್ದ. ನಾಲ್ಕಕ್ಕೂ ಬಣ್ಣಬಣ್ಣದ ಲೈಟು.

"ಹಳೇದು ಎಲ್ಲಿ?" ಅಂದೆ.

"ಅದು ಬೇಡ ಅಣ್ಣಾ, ಅದು ಹೋಗಿದೆ."

"ಹೋಗಿರೋದಕ್ಕೇ ಕೇಳ್ತಿರೋದು ಕಣೋ, ಕೊಡು."

ಹಳೆಯದು ಯಾಕೆ ಕೈಕೊಟ್ಟಿತು ಅನ್ನುವುದು ಗೊತ್ತಾಗದೆ ಹೊಸದನ್ನು ಆರಿಸುವುದು ಹೇಗೆ? ಕೆಲವರು ವರ್ಷಕ್ಕೊಂದು ಕಂಟ್ರೋಲರ್ ಕೊಳ್ಳುತ್ತಾರೆ. ಪ್ರತಿ ಸಲವೂ ಅದೇ ಜಾಗದಲ್ಲಿ, ಅದೇ ಕಾರಣಕ್ಕೆ ಹಾಳಾಗುತ್ತದೆ. ಅದಕ್ಕೇ ಮೊದಲು ಸ್ಕ್ರೂ ಬಿಚ್ಚುತ್ತೇನೆ.

ಈ ಹುಡುಗನದು ಮೈಕ್ರೋಸಾಫ್ಟ್‌ನವರ ಎಕ್ಸ್‌ಬಾಕ್ಸ್ ಕಂಟ್ರೋಲರ್. ಆಟದಲ್ಲಿ ಇವನು ಏನೂ ಮುಟ್ಟದಿದ್ದರೂ ಫುಟ್‌ಬಾಲ್ ಆಟಗಾರ ತಾನಾಗೇ ಮುಂದಕ್ಕೆ ಹೋಗುತ್ತಿದ್ದ. ಇದಕ್ಕೆ ಡ್ರಿಫ್ಟ್ ಅನ್ನುತ್ತಾರೆ. ನನ್ನ ಹತ್ತಿರ ಬರುವ ದೂರುಗಳಲ್ಲಿ ಇದೇ ಜಾಸ್ತಿ.

ಹೆಬ್ಬೆರಳಿನಲ್ಲಿ ಆಡಿಸುವ ಸ್ಟಿಕ್‌ನ ಕೆಳಗೆ ಒಂದು ಪುಟ್ಟ ಲೋಹದ ಡಬ್ಬಿ ಇರುತ್ತದೆ. ಅದರ ಎರಡು ಪಕ್ಕದಲ್ಲಿ ಎರಡು ಪೊಟೆನ್ಶಿಯೋಮೀಟರ್. ಒಂದು ಎಡ-ಬಲ ನೋಡಿಕೊಳ್ಳುತ್ತದೆ, ಇನ್ನೊಂದು ಮೇಲೆ-ಕೆಳಗೆ. ಉಗುರಿನಿಂದ ಎಬ್ಬಿದರೆ ಬಿಚ್ಚಿಕೊಳ್ಳುತ್ತದೆ. ಒಳಗೆ ಕಾರ್ಬನ್‌ನ ಕಪ್ಪು ಹಾದಿ, ಅದರ ಮೇಲೆ ಉಜ್ಜುತ್ತಾ ಓಡಾಡುವ ಕೂದಲಿನಷ್ಟು ಸಣ್ಣ ಲೋಹದ ಬೆರಳು. ಹಳೇ ಟೇಪ್ ರೆಕಾರ್ಡರಿನ ವಾಲ್ಯೂಮ್ ತಿರುಗಿಸಿದರೆ ಗರಗರ ಅನ್ನುತ್ತಿತ್ತಲ್ಲ, ಅದೂ ಇದೇ ಜಾತಿಯದು. ಉಜ್ಜಿ ಉಜ್ಜಿ ಹಾದಿ ಸವೆಯುತ್ತದೆ, ಕಪ್ಪು ಪುಡಿ ಏಳುತ್ತದೆ, ಅಳತೆ ತಪ್ಪುತ್ತದೆ. ಈ ಹುಡುಗನ ಎಡ ಸ್ಟಿಕ್‌ನ ಹಾದಿಯಲ್ಲಿ ಒಂದೇ ಕಡೆ ಬಿಳಿ ಗೆರೆ ಕಾಣುತ್ತಿತ್ತು. ಆಟದುದ್ದಕ್ಕೂ ಸ್ಟಿಕ್ಕನ್ನು ಮುಂದಕ್ಕೇ ಒತ್ತಿ ಹಿಡಿದ ಗುರುತು ಅದು. ಬಲ ಸ್ಟಿಕ್ ಹೊಸದರ ಹಾಗಿತ್ತು.

ಹೊಸ ಸ್ಟಿಕ್ ಕೂಡ ಬಿಟ್ಟಾಗ ಕರಾರುವಾಕ್ಕಾಗಿ ನಡುವಿಗೆ ಬಂದು ನಿಲ್ಲುವುದಿಲ್ಲ. ಇದು ಮೈಕ್ರೋಸಾಫ್ಟ್‌ಗೂ ಗೊತ್ತು. ವಿಂಡೋಸ್‌ನಲ್ಲಿ ಸ್ಟಿಕ್‌ನ ಅಳತೆ ನಡುವಿನಿಂದ ಒಂದು ತುದಿಗೆ 32,767ರವರೆಗೆ ಇರುತ್ತದೆ. ಅದರಲ್ಲಿ ಎಡ ಸ್ಟಿಕ್‌ಗೆ 7,849, ಬಲ ಸ್ಟಿಕ್‌ಗೆ 8,689ರವರೆಗಿನ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ ಅಂತ ಆಟ ಬರೆಯುವವರಿಗೆ ಅವರೇ ಒಂದು ಅಂಕಿ ಕೊಟ್ಟಿದ್ದಾರೆ. ಹೆಚ್ಚೂಕಡಿಮೆ ಕಾಲು ಭಾಗ! ಇದೇ ಡೆಡ್ ಝೋನ್. ಹಾಗಾಗಿ ಡ್ರಿಫ್ಟ್ ಸ್ವಲ್ಪವೇ ಇದ್ದರೆ ಆಟದ ಸೆಟ್ಟಿಂಗ್ಸ್‌ನಲ್ಲೋ, ಪಿಸಿ ಆಟ ಕೊಂಡು ಆಡುವ ಸ್ಟೀಮ್ ತಂತ್ರಾಂಶದಲ್ಲೋ ಡೆಡ್ ಝೋನ್ ಒಂಚೂರು ಏರಿಸಿ ನೋಡಿ. ಒಂದು ರೂಪಾಯಿ ಖರ್ಚಿಲ್ಲದೆ ಇನ್ನೂ ಕೆಲವು ತಿಂಗಳು ಓಡುತ್ತದೆ.

ಐಸೋಪ್ರೊಪೈಲ್ ಆಲ್ಕೋಹಾಲ್ ಬಿಟ್ಟು ತೊಳೆದರೂ ಒಮ್ಮೊಮ್ಮೆ ಸರಿಹೋಗುತ್ತದೆ. ಆದರೆ ಪುಡಿ ಹೋಗುತ್ತದೆಯೇ ಹೊರತು ಸವೆದ ಹಾದಿ ಬೆಳೆಯುವುದಿಲ್ಲ. ಮನೆಯಲ್ಲಿದ್ದ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು ಬಂದವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಸರಿ, ಹೊಸದೇ ಬೇಕು ಅಂದುಕೊಳ್ಳೋಣ. ಡ್ರಿಫ್ಟ್‌ನಿಂದ ಹಾಳಾದವರು ನೋಡಬೇಕಾದ್ದು ಹಾಲ್ ಎಫೆಕ್ಟ್ ಸ್ಟಿಕ್. ಇದರಲ್ಲಿ ಉಜ್ಜಾಟ ಇಲ್ಲ. ಸ್ಟಿಕ್‌ನ ಬುಡದಲ್ಲಿ ಆಯಸ್ಕಾಂತ, ಅದು ಸರಿದಾಗ ಪಕ್ಕದ ಸೆನ್ಸರ್ ಅಳೆಯುತ್ತದೆ, ಅಷ್ಟೆ. ಪೆಟ್ಟಿಗೆಯ ಮೇಲೆ ಹೊಚ್ಚ ಹೊಸ ತಂತ್ರಜ್ಞಾನ ಅನ್ನುವ ಹಾಗೆ ಬರೆದಿರುತ್ತಾರೆ. ಆದರೆ ಅಮೆರಿಕದ ವಿಜ್ಞಾನಿ ಎಡ್ವಿನ್ ಹಾಲ್ ಇದರ ಹಿಂದಿನ ತತ್ವ ಕಂಡುಹಿಡಿದದ್ದು 1879ರಲ್ಲಿ. ಜಪಾನಿನ ಸೆಗಾ ಕಂಪನಿಯವರು 1998ರ ಡ್ರೀಮ್‌ಕಾಸ್ಟ್ ಅನ್ನುವ ಗೇಮ್ ಯಂತ್ರದ ಕಂಟ್ರೋಲರಿನಲ್ಲೇ ಬಳಸಿದ್ದರು. ಆಮೇಲೆ ಎಲ್ಲರೂ ಅಗ್ಗದ ಕಾರ್ಬನ್ ಹಾದಿಗೇ ಅಂಟಿಕೊಂಡರು. ಈಗ ಗುಲಿಕಿಟ್, 8ಬಿಟ್‌ಡೂ, ಗೇಮ್‌ಸರ್ ತರಹದ ಕಂಪನಿಗಳು ಅದನ್ನು ಮತ್ತೆ ತಂದಿವೆ. ಟಿಎಂಆರ್ ಅಂತ ಇನ್ನೊಂದು ಬಗೆ ಇದೆ. ಅದೂ ಆಯಸ್ಕಾಂತವೇ, ಕರೆಂಟು ಇನ್ನೂ ಕಡಿಮೆ ಸಾಕು.

ತಮಾಷೆ ಏನು ಗೊತ್ತಾ? ದುಬಾರಿ ಅನ್ನಿಸುವ ಎಕ್ಸ್‌ಬಾಕ್ಸ್ ಸೀರೀಸ್ ಕಂಟ್ರೋಲರ್, ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್, ಇವೆರಡರಲ್ಲೂ ಇರುವುದು ಅದೇ ಸವೆಯುವ ಕಾರ್ಬನ್ ಹಾದಿ. ಅದಕ್ಕಿಂತ ಕಡಿಮೆ ಬೆಲೆಗೆ ಹಾಲ್ ಸ್ಟಿಕ್ ಇರುವ ವೈರ್ಡ್ ಕಂಟ್ರೋಲರ್ ಸಿಗುತ್ತದೆ. ಹಾಗಂತ ದೊಡ್ಡ ಕಂಪನಿಯದು ಬೇಡ ಅಂತಲ್ಲ. ಅವುಗಳ ಗುಂಡಿ, ಹಿಡಿತ, ಅಂಗೈಗೆ ಕೂರುವ ರೀತಿ ಬೇರೆಯೇ. ನನ್ನ ಸ್ವಂತ ಟೇಬಲ್ ಮೇಲಿರುವುದೂ ಎಕ್ಸ್‌ಬಾಕ್ಸೇ. ಸವೆದರೆ ಬದಲಿಸುವ ಬೆಸುಗೆ ಕಡ್ಡಿ ನನ್ನ ಕೈಯಲ್ಲೇ ಇದೆಯಲ್ಲ! ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಹಾಲ್ ನೋಡಿ.

ಇಲ್ಲೊಂದು ಮೋಸದ ಜಾಗ ಇದೆ. ಪೆಟ್ಟಿಗೆಯ ಮೇಲೆ ಹಾಲ್ ಎಫೆಕ್ಟ್ ಅಂತ ದಪ್ಪಕ್ಷರದಲ್ಲಿ ಇರುತ್ತದೆ. ತಿರುಗಿಸಿ ಓದಿದರೆ ಅದು ತೋರುಬೆರಳಿನಲ್ಲಿ ಒತ್ತುವ ಟ್ರಿಗರ್‌ಗೆ ಮಾತ್ರ. ಸವೆಯುವುದು ಸ್ಟಿಕ್, ಹಾಲ್ ಹಾಕಿರುವುದು ಟ್ರಿಗರ್‌ಗೆ. ಸ್ಟಿಕ್ ಅನ್ನುವ ಪದ ಬರೆದಿದೆಯಾ ಅಂತ ಹುಡುಕಿ. ಹಾಲ್ ಸ್ಟಿಕ್‌ನಲ್ಲೂ ಸ್ಪ್ರಿಂಗ್ ಸಡಿಲವಾಗುತ್ತದೆ, ಒತ್ತುವ ಸ್ವಿಚ್ ಕೈಕೊಡುತ್ತದೆ. ಅದನ್ನು ಯಾರೂ ಪೆಟ್ಟಿಗೆಯ ಮೇಲೆ ಬರೆಯುವುದಿಲ್ಲ.

ಕಂಪ್ಯೂಟರಿನ ಜೊತೆ ಇವು ಮಾತಾಡುವ ಭಾಷೆಯದು ಇನ್ನೊಂದು ಕಥೆ. 2005ರಲ್ಲಿ ಎಕ್ಸ್‌ಬಾಕ್ಸ್ 360 ಬಂದಾಗ ಮೈಕ್ರೋಸಾಫ್ಟ್ ಎಕ್ಸ್‌ಇನ್‌ಪುಟ್ ಅನ್ನುವ ಹೊಸ ಪದ್ಧತಿ ತಂದಿತು. ಅದಕ್ಕೂ ಮೊದಲು ಇದ್ದದ್ದು ಡೈರೆಕ್ಟ್‌ಇನ್‌ಪುಟ್. ಈಗಿನ ಪಿಸಿ ಆಟಗಳಲ್ಲಿ ಬಹುಪಾಲು ಎಕ್ಸ್‌ಇನ್‌ಪುಟ್ಟನ್ನೇ ನಿರೀಕ್ಷಿಸುತ್ತವೆ. ಅಂಗಡಿಯಲ್ಲಿ ಮುನ್ನೂರು ನಾನೂರಕ್ಕೆ ಸಿಗುವ ಯುಎಸ್‌ಬಿ ಪ್ಯಾಡ್‌ಗಳಲ್ಲಿ ಎಷ್ಟೋ ಹಳೇ ಪದ್ಧತಿಯವು. ಕಂಪ್ಯೂಟರ್ ಗುರುತು ಹಿಡಿಯುತ್ತದೆ, ಆಟ ಹಿಡಿಯುವುದಿಲ್ಲ. ಹೊಸದು ಕೊಳ್ಳುವಾಗ ವಿವರದಲ್ಲಿ ಎಕ್ಸ್‌ಇನ್‌ಪುಟ್ ಅಂತ ಇದೆಯಾ ನೋಡಿಕೊಳ್ಳಿ.

ಕೆಲವದರಲ್ಲಿ ಎರಡೂ ಇರುತ್ತವೆ. ಬೆನ್ನಿನಲ್ಲಿ ಎಕ್ಸ್, ಡಿ ಅಂತ ಸಣ್ಣ ಸ್ವಿಚ್, ಇಲ್ಲವಾದರೆ ನಡುವಿನ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಹೊಸ ಕಂಟ್ರೋಲರ್ ಕೆಲಸ ಮಾಡುತ್ತಿಲ್ಲ ಅಂತ ಒಬ್ಬರು ಮಂಡ್ಯದಿಂದ ಬಸ್ಸಿನಲ್ಲಿ ಬಂದಿದ್ದರು. ನಾನು ಸ್ವಿಚ್ಚನ್ನು ಡಿಯಿಂದ ಎಕ್ಸ್‌ಗೆ ಸರಿಸಿದೆ. ಕೆಲಸ ಮುಗಿಯಿತು. ದುಡ್ಡು ತಗೊಳ್ಳಲು ಮನಸ್ಸು ಬರಲಿಲ್ಲ, ಕಾಫಿ ಕುಡಿಸಿ ಕಳಿಸಿದೆ.

ಪರೀಕ್ಷೆ ಮಾಡುವುದಕ್ಕೆ ವಿಂಡೋಸ್‌ನಲ್ಲೇ ಒಂದು ಕಿಟಕಿ ಇದೆ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಜೆ, ಓ, ವೈ, ಒಂದು ಚುಕ್ಕೆ, ಸಿ, ಪಿ, ಎಲ್ ಅಂತ ಟೈಪ್ ಮಾಡಿ. ಕಂಟ್ರೋಲರ್ ಆರಿಸಿ ಪ್ರಾಪರ್ಟೀಸ್‌ಗೆ ಹೋದರೆ ಪ್ಲಸ್ ಗುರುತು ಕಾಣುತ್ತದೆ. ಸ್ಟಿಕ್ ಬಿಟ್ಟಾಗ ಅದು ನಡುವಿಗೆ ಬರಬೇಕು, ಸುಮ್ನೆ ನಡುಗಬಾರದು. ಆದರೆ ಟ್ರಿಗರ್ ವಿಷಯದಲ್ಲಿ ಈ ಕಿಟಕಿಯನ್ನು ನಂಬಬೇಡಿ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಹಾಕಿದರೆ ಎರಡು ಟ್ರಿಗರ್‌ಗೂ ಸೇರಿ ಒಂದೇ ಪಟ್ಟಿ ತೋರಿಸುತ್ತದೆ. ಒಂದು ಏರಿಸುತ್ತದೆ, ಇನ್ನೊಂದು ಇಳಿಸುತ್ತದೆ, ಎರಡೂ ಒಟ್ಟಿಗೆ ಒತ್ತಿದರೆ ನಡುವಿನಲ್ಲೇ ನಿಲ್ಲುತ್ತದೆ. ಇದನ್ನು ನೋಡಿ ಟ್ರಿಗರ್ ಹಾಳಾಗಿದೆ ಅಂತ ಹೊಸ ಕಂಟ್ರೋಲರ್ ವಾಪಸ್ ಕಳಿಸಿದವರಿದ್ದಾರೆ. ಸ್ಟೀಮ್‌ನ ಕಂಟ್ರೋಲರ್ ಟೆಸ್ಟ್‌ನಲ್ಲಿ ನೋಡಿದರೆ ಎರಡೂ ಬೇರೆಬೇರೆಯಾಗಿ ಕಾಣುತ್ತವೆ.

ಪ್ಲೇಸ್ಟೇಷನ್ ಕಂಟ್ರೋಲರ್ ಮನೆಯಲ್ಲಿದ್ದರೆ ಅದೂ ಪಿಸಿಗೆ ನಡೆಯುತ್ತದೆ. ಸ್ಟೀಮ್ ಅದನ್ನು ನೇರವಾಗಿ ಗುರುತಿಸುತ್ತದೆ. ಸ್ಟೀಮ್ ಹೊರಗಿನ ಆಟಗಳಿಗೆ ಡಿಎಸ್4ವಿಂಡೋಸ್ ಅನ್ನುವ ಉಚಿತ ತಂತ್ರಾಂಶ ಇದೆ, ಅದು ಪ್ಲೇಸ್ಟೇಷನ್ ಕಂಟ್ರೋಲರಿಗೆ ಎಕ್ಸ್‌ಬಾಕ್ಸ್ ವೇಷ ಹಾಕಿಸುತ್ತದೆ. ಎರಡನ್ನೂ ಒಟ್ಟಿಗೆ ಓಡಿಸಬೇಡಿ. ಒಂದು ಸಲ ಒತ್ತಿದರೆ ಮೆನು ಎರಡು ಹೆಜ್ಜೆ ಹಾರುತ್ತದೆ. ಡ್ಯುಯಲ್‌ಸೆನ್ಸ್‌ನ ಬಿಗಿಯಾಗುವ ಟ್ರಿಗರ್ ನೆಚ್ಚಿಕೊಂಡು ಪಿಸಿಗೆ ಅದನ್ನು ಕೊಳ್ಳುವವರಿಗೆ ಒಂದು ಮಾತು: ಆಟದಲ್ಲೇ ಅದಕ್ಕೆ ವ್ಯವಸ್ಥೆ ಇರಬೇಕು, ಬಹಳ ಕಡೆ ಕೇಬಲ್ ಕೂಡ ಹಾಕಿರಬೇಕು. ನಿಂಟೆಂಡೊ ಸ್ವಿಚ್ ಪ್ರೊ ಕೈಗೆ ಸೊಗಸಾಗಿದೆ. ಆದರೆ ಅದರ ಟ್ರಿಗರ್ ಬರೀ ಗುಂಡಿ, ಒತ್ತಿದರೆ ಪೂರ್ತಿ, ಬಿಟ್ಟರೆ ಸೊನ್ನೆ. ಕಾರ್ ರೇಸಿನಲ್ಲಿ ಆಕ್ಸಿಲರೇಟರ್ ಅರ್ಧ ತುಳಿಯಲು ಆಗುವುದಿಲ್ಲ. ಎಕ್ಸ್‌ಬಾಕ್ಸ್‌ಗೆ ಹೋಲಿಸಿದರೆ ಎ ಮತ್ತು ಬಿ ಗುಂಡಿಗಳೂ ಅದಲು ಬದಲು.

ವೈರ್ ಇರಬೇಕಾ ಬೇಡವಾ? ಟೇಬಲ್ ಮುಂದೆ ಕೂತು ಆಡುವವರಿಗೆ ವೈರೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಬ್ಯಾಟರಿ ಉಬ್ಬುವ ತಲೆನೋವಿಲ್ಲ. ಟಿವಿಗೆ ಹಾಕಿ ಸೋಫಾದಲ್ಲಿ ಕೂರುವವರಿಗೆ ವೈರ್‌ಲೆಸ್ ಬೇಕು, ಸರಿ. ಡಾಂಗಲ್, ಅಂದರೆ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ರಿಸೀವರ್, ಇರುವುದನ್ನು ತಂದರೆ ಆ ಡಾಂಗಲನ್ನು ಸಿಪಿಯು ಹಿಂದಿನ ನೀಲಿ ಯುಎಸ್‌ಬಿ 3 ಪೋರ್ಟ್‌ಗಳ ನಡುವೆ ಸಿಕ್ಕಿಸಬೇಡಿ. ಆ ಪೋರ್ಟ್‌ಗಳ ಗದ್ದಲ 2.4 ಗಿಗಾಹರ್ಟ್ಸ್‌ನ ಸಿಗ್ನಲ್‌ಗೆ ಅಡ್ಡ ಬರುತ್ತದೆ. ಒಂದು ಅಡಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಮುಂದಕ್ಕೆ ತಂದಿಡಿ.

ಕೇಬಲ್ ಅಂದಾಗ ನೆನಪಾಯಿತು. ಪ್ಲೇಸ್ಟೇಷನ್ 4ರ ಕಂಟ್ರೋಲರ್ ಡ್ಯುಯಲ್‌ಶಾಕ್ 4 ಸತ್ತಿದೆ ಅಂತ ತಂದವರಲ್ಲಿ ಎಷ್ಟೋ ಜನರದು ಬರೀ ಕೇಬಲ್ ತೊಂದರೆ. ಪವರ್ ಬ್ಯಾಂಕ್ ಜೊತೆ ಬಂದ ಗಿಡ್ಡ ಕೇಬಲ್‌ನಲ್ಲಿ ಕೆಲವೊಮ್ಮೆ ಕರೆಂಟಿನ ಎರಡೇ ತಂತಿ ಇರುತ್ತವೆ, ಡೇಟಾದ್ದು ಇರುವುದಿಲ್ಲ. ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಕಾಣಿಸುವುದಿಲ್ಲ. ಹೊಸದು ಕೊಳ್ಳುವ ಮೊದಲು ಫೋನಿನಿಂದ ಫೋಟೋ ಕಳಿಸಲು ಬರುವ ಕೇಬಲ್ ಹಾಕಿ ಒಮ್ಮೆ ನೋಡಿ.

ಸೆಕೆಂಡ್ ಹ್ಯಾಂಡ್ ಎಕ್ಸ್‌ಬಾಕ್ಸ್ ಒನ್ ಕಂಟ್ರೋಲರ್ ಕೊಳ್ಳುವವರು ನಡುವಿನ ಎಕ್ಸ್ ಲೋಗೋ ಸುತ್ತ ನೋಡಬೇಕು. ಅಲ್ಲಿಯ ಪ್ಲಾಸ್ಟಿಕ್ ಮುಂಭಾಗದ ಜೊತೆ ಒಂದೇ ತುಂಡಾಗಿದ್ದರೆ ಬ್ಲೂಟೂತ್ ಇದೆ. ಮೇಲಂಚಿನ ಬಂಪರ್ ಗುಂಡಿಗಳ ಜೊತೆ ಸೇರಿದ ಬೇರೆ ತುಂಡಾಗಿದ್ದರೆ ಅದು 2016ಕ್ಕಿಂತ ಮೊದಲಿನ ವಿನ್ಯಾಸ, ಬ್ಲೂಟೂತ್ ಇಲ್ಲ. ಮೈಕ್ರೋಸಾಫ್ಟ್‌ನ ಅಡಾಪ್ಟರ್ ಬೇರೆ ಕೊಳ್ಳಬೇಕು, ಇಲ್ಲವೇ ಕೇಬಲ್‌ನಲ್ಲೇ ಆಡಬೇಕು. ಇನ್ನು ಬ್ಲೂಟೂತ್‌ನಲ್ಲಿ ಆಡುವಾಗ ಕಂಟ್ರೋಲರಿನ ಹೆಡ್‌ಫೋನ್ ತೂತು ಕೆಲಸ ಮಾಡುವುದಿಲ್ಲ. ಹೆಡ್‌ಫೋನನ್ನು ಕಂಪ್ಯೂಟರಿಗೇ ಚುಚ್ಚಿ.

ಮಂಗಳೂರು, ಕಾರವಾರದ ಕಡೆಯವರು ರಬ್ಬರಿನ ಮೆತ್ತನೆ ಲೇಪ ಇರುವುದನ್ನು ತಗೊಳ್ಳದಿರುವುದೇ ಒಳ್ಳೆಯದು. ಆ ಸೆಖೆಗೆ ಕೆಲವು ವರ್ಷದಲ್ಲಿ ಅದು ಹಲಸಿನ ಮೇಣದ ಹಾಗೆ ಅಂಟತೊಡಗುತ್ತದೆ. ಬರೀ ಪ್ಲಾಸ್ಟಿಕ್ಕೇ ವಾಸಿ. ಲೈಟಿನ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆಡುವಾಗ ಅದು ಅಂಗೈ ಕೆಳಗೆ ಇರುತ್ತದೆ, ಅಲ್ವಾ?

ಆ ಹುಡುಗನ ವಿಷಯಕ್ಕೆ ಬರುತ್ತೇನೆ. ಸವೆದದ್ದು ಎಡ ಸ್ಟಿಕ್ ಒಂದೇ. ಅದರ ಬೆಸುಗೆ ಹಾಕಿದ ಹದಿನಾಲ್ಕು ಲೋಹದ ಕಾಲುಗಳನ್ನು ಬಿಚ್ಚಿ, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದಿಟ್ಟಿದ್ದ ಹೊಸ ಮಾಡ್ಯೂಲ್ ಕೂರಿಸಿದೆ. ಇಂಥ ಕೆಲಸದಲ್ಲಿ ಸಾಮಾನಿನ ಬೆಲೆ ಕಡಿಮೆ, ಬೆಸುಗೆಯ ಕೂಲಿಯೇ ಜಾಸ್ತಿ. ಆದರೂ ಹೊಸದರ ಮುಂದೆ ಏನೂ ಅಲ್ಲ. ಅಪ್ಪನಿಗೆ ಖುಷಿಯೋ ಖುಷಿ. ಹುಡುಗನ ಮುಖ ಮಾತ್ರ ಬಾಡಿತು.

ಎರಡು ತಿಂಗಳಿಗೆ ಇಬ್ಬರೂ ಮತ್ತೆ ಬಂದರು. "ಏನು ಸಾರ್, ಮತ್ತೆ ಹೋಯ್ತಾ?" ಅಂದೆ. "ಇಲ್ಲ ಸಾರ್, ಚೆನ್ನಾಗಿದೆ. ಅದನ್ನ ಇವನ ತಂಗಿ ಕಿತ್ತುಕೊಂಡಿದ್ದಾಳೆ, ಕೊಡ್ತಾ ಇಲ್ಲ. ಇವನಿಗೊಂದು ಬೇಕು." ಪಕ್ಕದ ಅಂಗಡಿಯಿಂದ ಎರಡು ಪೆಟ್ಟಿಗೆ ತರಿಸಿ ಮುಂದಿಟ್ಟೆ. ಹುಡುಗ ಲೈಟಿರುವ ಪೆಟ್ಟಿಗೆಯನ್ನೇ ಮೊದಲು ಎತ್ತಿಕೊಂಡ. ಹಿಂದೆ ತಿರುಗಿಸಿ ಸಣ್ಣಕ್ಷರ ಓದತೊಡಗಿದ.

"ಅಣ್ಣಾ, ಇದರಲ್ಲಿ ಹಾಲ್ ಅಂತ ಇರೋದು ಟ್ರಿಗರ್‌ಗೆ ಮಾತ್ರ. ಸ್ಟಿಕ್‌ಗೆ ಏನೂ ಬರೆದೇ ಇಲ್ಲ."

"ಹಾಗಾದ್ರೆ ಕೆಳಗಿಡು," ಅಂದೆ.