ಪ್ರಾಕ್ಸಿಯನ್ನು ಹೆಸರು ಹಿಡಿದು ಹುಡುಕುವ ಬ್ರೌಸರ್

ಒಂದೇ ಜಾಲದ ನೂರಾರು ಜನರು ಒಂದೇ ಪುಟವನ್ನು ಕೇಳಿದಾಗ, ಪ್ರತಿ ಸಲವೂ ದೂರದ ಸರ್ವರ್‌ಗೆ ಹೋಗದೆ, ಮೊದಲು ತಂದ ಪ್ರತಿಯನ್ನೇ ಇಟ್ಟುಕೊಂಡು ಉಳಿದವರಿಗೆ ಹಂಚುವ ಕಂಪ್ಯೂಟರನ್ನು ಪ್ರಾಕ್ಸಿ ಕ್ಯಾಶ್ ಎನ್ನುತ್ತಾರೆ. ಸಂಪರ್ಕವು ದುಬಾರಿಯಾಗಿದ್ದ 1990ರ ದಶಕದಲ್ಲಿ ಹಲವು ವಿಶ್ವವಿದ್ಯಾಲಯಗಳು ಸ್ಕ್ವಿಡ್‌ನಂತಹ ತಂತ್ರಾಂಶದಿಂದ ಇದನ್ನು ನಡೆಸುತ್ತಿದ್ದವು. ಆದರೆ ಅದು ಎಲ್ಲಿದೆಯೆಂದು ಪ್ರತಿಯೊಂದು ಬ್ರೌಸರ್‌ಗೂ ತಿಳಿಸಬೇಕಿತ್ತು. ಸರ್ವರ್‌ನ ಹೆಸರನ್ನೂ 3128 ಎಂಬ ಪೋರ್ಟ್ ಸಂಖ್ಯೆಯನ್ನೂ ಒಂದೊಂದು ಯಂತ್ರದಲ್ಲಿ ಕೈಯಾರೆ ತುಂಬಿದರೆ, ಸರ್ವರ್ ಬದಲಾದ ದಿನ ಆ ಕೆಲಸವೆಲ್ಲ ಮತ್ತೆ ಮೊದಲಾಗುತ್ತಿತ್ತು.

ನೆಟ್‌ಸ್ಕೇಪ್ ಮೊದಲು ಒಂದು ಉಪಾಯ ಹುಡುಕಿತು: ಯಾವ ವಿಳಾಸಕ್ಕೆ ಯಾವ ಪ್ರಾಕ್ಸಿ, ಯಾವುದಕ್ಕೆ ನೇರ ಸಂಪರ್ಕ ಎಂದು ನಿರ್ಧರಿಸುವ ಪುಟ್ಟ ಜಾವಾಸ್ಕ್ರಿಪ್ಟ್ ಕಡತ. ಆ ಕಡತವನ್ನೂ ಬ್ರೌಸರ್ ತಾನಾಗಿಯೇ ಹುಡುಕಿಕೊಳ್ಳಲೆಂದು 1999ರಲ್ಲಿ ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳ ತಜ್ಞರು 'ಡಬ್ಲ್ಯುಪ್ಯಾಡ್' (ವೆಬ್ ಪ್ರಾಕ್ಸಿ ಆಟೋ-ಡಿಸ್ಕವರಿ) ವಿಧಾನದ ಕರಡನ್ನು ಮುಂದಿಟ್ಟರು. ಅಧಿಕೃತ ಮಾನಕವಾಗದೆ ಕರಡಾಗಿಯೇ ಉಳಿದ ಈ ಬರಹವು ಜಗತ್ತಿನ ಬಹುಪಾಲು ಕಚೇರಿ ಕಂಪ್ಯೂಟರುಗಳನ್ನು ಹೊಕ್ಕಿದ್ದು ವಿಚಿತ್ರವೇ ಸರಿ.

ಬ್ರೌಸರ್ ಮೊದಲು ಐಪಿ ವಿಳಾಸ ಕೊಡುವ ಡಿಎಚ್‌ಸಿಪಿ ಸರ್ವರ್‌ನ 252ನೇ ಆಯ್ಕೆಯಲ್ಲಿ ಕಡತದ ವಿಳಾಸವಿದೆಯೇ ಎಂದು ಕೇಳುತ್ತದೆ. ಇಲ್ಲವಾದರೆ ಹೆಸರುಗಳಿಗೆ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ 'ಡಬ್ಲ್ಯುಪ್ಯಾಡ್' ಎಂಬ ಗೊತ್ತುಪಡಿಸಿದ ಹೆಸರನ್ನು ವಿಚಾರಿಸುತ್ತದೆ. ಯಂತ್ರವು 'ಲೆಕ್ಕ.ಸಂಸ್ಥೆ.ಕೊ.ಇನ್' ಎಂಬ ವಲಯದಲ್ಲಿ (ಡೊಮೈನ್) ಇದೆ ಎನ್ನೋಣ. ಆಗ ಮೊದಲು 'ಡಬ್ಲ್ಯುಪ್ಯಾಡ್.ಲೆಕ್ಕ.ಸಂಸ್ಥೆ.ಕೊ.ಇನ್', ಅದು ಸಿಗದಿದ್ದರೆ 'ಡಬ್ಲ್ಯುಪ್ಯಾಡ್.ಸಂಸ್ಥೆ.ಕೊ.ಇನ್' ಎಂದು ಎಡಗಡೆಯ ಭಾಗವನ್ನು ಕಳಚುತ್ತ ಮೇಲೇರುತ್ತದೆ.

ಏರುವುದನ್ನು ಎಲ್ಲಿ ನಿಲ್ಲಿಸಬೇಕೆಂಬುದೇ ತೊಡಕು. ಇನ್ನೊಂದು ಮೆಟ್ಟಿಲೇರಿ 'ಡಬ್ಲ್ಯುಪ್ಯಾಡ್.ಕೊ.ಇನ್' ಎಂದು ಕೇಳಿದರೆ ಆ ಹೆಸರು ಸಂಸ್ಥೆಗೆ ಸೇರಿದ್ದಲ್ಲ, ಅದನ್ನು ನೋಂದಾಯಿಸಿಕೊಂಡ ಯಾರೋ ಅಪರಿಚಿತರಿಗೆ ಸೇರಿದ್ದು. ಅವರು ಕೊಟ್ಟ ಕಡತವನ್ನು ಬ್ರೌಸರ್ ನಂಬಿದರೆ, ಸಂಸ್ಥೆಯ ಜಾಲಸಂಚಾರವೆಲ್ಲ ಅವರ ಯಂತ್ರದ ಮೂಲಕ ಹಾಯುತ್ತದೆ. ವಿಂಡೋಸ್‌ನ ಇಂಥದ್ದೇ ದೋಷವನ್ನು ಕುರಿತು ಮೈಕ್ರೋಸಾಫ್ಟ್ 2007ರ ಡಿಸೆಂಬರಿನಲ್ಲಿ ಎಚ್ಚರಿಕೆ ಹೊರಡಿಸಿತು. ದೋಷವನ್ನು ಸರಿಪಡಿಸಿದ ಮೇಲೂ ಅಪಾಯ ಪೂರ್ತಿ ಹೋಗಲಿಲ್ಲ. ಕಚೇರಿಯೊಳಗೆ ಮಾತ್ರ ಬಳಸುವ ವಲಯದ ಹೆಸರುಳ್ಳ ಲ್ಯಾಪ್‌ಟಾಪನ್ನು ಮನೆಗೊಯ್ದರೆ ಅದೇ ಪ್ರಶ್ನೆ ಸಾರ್ವಜನಿಕ ಡಿಎನ್‌ಎಸ್‌ಗೆ ಹೋಗುತ್ತದೆ. ಹೊಸ ಮೇಲ್ಮಟ್ಟದ ಡೊಮೈನ್‌ಗಳು (ಹೆಸರಿನ ಕೊನೆಯಲ್ಲಿ '.ಇನ್'ನಂತೆ ಬರುವ ಭಾಗಗಳು) ಬಂದ ಮೇಲೆ ಆ ಹೆಸರನ್ನು ಹೊರಗಿನವರು ಕೊಳ್ಳುವುದೂ ಸಾಧ್ಯವಾಯಿತು. 2016ರಲ್ಲಿ ಅಮೆರಿಕದ ಸರ್ಕಾರಿ ಸೈಬರ್ ಸುರಕ್ಷಾ ತಂಡವು ಈ ಬಗ್ಗೆಯೇ ಎಚ್ಚರಿಸಿತು.

ಇಂದು ಹೆಚ್ಚಿನ ಪುಟಗಳು ಗೂಢಲಿಪಿಯಲ್ಲಿ ಬರುವುದರಿಂದ ಹಂಚಿಕೆಯ ಕ್ಯಾಶ್‌ಗೆ ಮೊದಲಿನಷ್ಟು ಕೆಲಸವಿಲ್ಲ, ಆದರೂ ಹುಡುಕುವ ಅಭ್ಯಾಸವು ಯಂತ್ರಗಳಲ್ಲಿ ಉಳಿದಿದೆ. ಈ ಅಪಾಯವನ್ನು ತಡೆಯಲೆಂದು ವಿಂಡೋಸ್ ಸರ್ವರ್ 2008ರಿಂದೀಚೆಗೆ ಅದರ ಡಿಎನ್‌ಎಸ್ ಸೇವೆಯು 'ಡಬ್ಲ್ಯುಪ್ಯಾಡ್' ಎಂಬ ಹೆಸರನ್ನು ತಡೆಪಟ್ಟಿಯಲ್ಲಿಟ್ಟು ಉತ್ತರಿಸಲು ನಿರಾಕರಿಸುತ್ತದೆ. ನಿಜವಾಗಿಯೂ ಪ್ರಾಕ್ಸಿ ಇಟ್ಟುಕೊಂಡವರು ಅದನ್ನು ಪಟ್ಟಿಯಿಂದ ತಾವೇ ತೆಗೆಯಬೇಕು.