ಕಂಪ್ಯೂಟರ್ ಎಲ್ಲಿ ನಿಂತಿತೆಂದು ಮೊದಲು ನೋಡಿ

ಆಟಿ ತಿಂಗಳ ಮಳೆ ಜೋರಾದಾಗ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಮನೆಗಳಿಂದ ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು “ಕಂಪ್ಯೂಟರ್ ಆನ್ ಆಗುವುದಿಲ್ಲ” ಎಂಬ ಮಾತಿನಿಂದಲೇ ಆರಂಭವಾಗುತ್ತವೆ. ಬಟನ್ ಒತ್ತಿದರೂ ಫ್ಯಾನ್ ತಿರುಗುವುದಿಲ್ಲವೇ, ಫ್ಯಾನ್ ತಿರುಗಿದರೂ ಪರದೆ ಕಪ್ಪಾಗಿಯೇ ಇದೆಯೇ, ಅಥವಾ ಕಂಪನಿಯ ಲಾಂಛನ ಕಾಣಿಸಿದ ಮೇಲೆ ವಿಂಡೋಸ್ ತೆರೆದುಕೊಳ್ಳುವುದಿಲ್ಲವೇ ಎಂದು ನಾನು ಮೊದಲು ಕೇಳುತ್ತೇನೆ. ಈ ಮೂರರ ಕಾರಣಗಳೂ ಪರಿಹಾರಗಳೂ ಬೇರೆ ಬೇರೆ. ಅದನ್ನು ವಿಚಾರಿಸದೆ ಬಿಡಿಭಾಗ ಬದಲಾಯಿಸಲು ಹೊರಡುವುದು ಹಣ ಕಳೆಯುವ ದಾರಿ.

ಫ್ಯಾನ್ ತಿರುಗದಿದ್ದರೆ ಗೋಡೆಯ ಪ್ಲಗ್ಗಿನಿಂದಲೇ ಪರೀಕ್ಷೆ ಆರಂಭವಾಗಲಿ. ಯುಪಿಎಸ್‌ನ ದೀಪ ಉರಿಯುತ್ತಿದ್ದರೂ ಅದರ ಹಳೆಯ ಬ್ಯಾಟರಿ ಭಾರ ತಡೆಯದಿರಬಹುದು. ಆದ್ದರಿಂದ ಒಮ್ಮೆ ಯುಪಿಎಸ್ ಬಿಟ್ಟು ನೇರವಾಗಿ ಗೋಡೆಗೆ ಜೋಡಿಸಿ ನೋಡಬೇಕು. ಎಸ್‌ಎಂಪಿಎಸ್ ಎಂಬ ಪೆಟ್ಟಿಗೆಯು ಮನೆಯ 230 ವೋಲ್ಟ್ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳಿಗೆ ಇಳಿಸಿಕೊಡುತ್ತದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಎಲ್ಲ ಭಾಗಗಳೂ ಜೋಡಣೆಯಾಗುವ ಮುಖ್ಯ ಫಲಕವಾದ ಮದರ್‌ಬೋರ್ಡ್‌ಗೆ 5 ವೋಲ್ಟ್ ಹರಿಯುತ್ತಲೇ ಇರುತ್ತದೆ. ಅದನ್ನು ಸೂಚಿಸುವ ಸಣ್ಣ ದೀಪ ಹಲವು ಬೋರ್ಡ್‌ಗಳಲ್ಲಿರುತ್ತದೆ. ಆ ದೀಪ ಉರಿಯುತ್ತಿದ್ದೂ ಬಟನ್ ಕೆಲಸ ಮಾಡದಿದ್ದರೆ ಬಟನ್ನನ್ನೂ ಅದರ ತಂತಿಯನ್ನೂ ಸಂಶಯಿಸಬೇಕು. ಎಸ್‌ಎಂಪಿಎಸ್‌ನ ಮುಚ್ಚಳವನ್ನು ಮಾತ್ರ ಮನೆಯಲ್ಲಿ ಯಾರೂ ತೆರೆಯಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ವಿದ್ಯುತ್ ಉಳಿದಿರಬಹುದು.

ನಮ್ಮ ಕರಾವಳಿಯಲ್ಲಿ ಮಳೆಗಾಲದ ನಿಜವಾದ ಉಪದ್ರ ಎರಡನೆಯದು, ಅಂದರೆ ಫ್ಯಾನ್ ತಿರುಗಿಯೂ ಪರದೆ ಕಪ್ಪಾಗಿರುವುದು. ಬದಿಯಡ್ಕದ ಸಮೀಪ ನಿವೃತ್ತ ಅಧ್ಯಾಪಕರೊಬ್ಬರ ಮನೆಯಲ್ಲಿ, “ಮದರ್‌ಬೋರ್ಡ್ ಹೋಗಿದೆ ಅಂತ ಅಂಗಡಿಯವರು ಹೇಳಿದ್ದಾರೆ, ಹೊಸತೇ ತೆಗೆದುಕೊಳ್ಳಬೇಕಾ?” ಎಂದು ಅವರು ಕೇಳಿದರು. “ಸ್ವಲ್ಪ ತಡೆಯಿರಿ ಮಾಷ್ಟ್ರೇ” ಎಂದು ಪ್ಲಗ್ ಕಿತ್ತು, ಕಂಪ್ಯೂಟರಿನ ತಾತ್ಕಾಲಿಕ ನೆನಪಾದ ರ‍್ಯಾಮ್ ಹೊರತೆಗೆದೆ. ಅದರ ಅಂಚಿನ ಚಿನ್ನದ ಬಣ್ಣದ ಪಟ್ಟಿಗಳು ಹೊಳಪು ಕಳೆದುಕೊಂಡು, ಒಂದು ತುದಿಯಲ್ಲಿ ಕಂದು ಪೊರೆಯಂಥ ಕೊಳೆ ಹಿಡಿದಿತ್ತು. ಮೆತ್ತನೆಯ ಪೆನ್ಸಿಲ್ ರಬ್ಬರಿನಿಂದ ಎರಡೂ ಬದಿಗಳನ್ನು ಹಗುರವಾಗಿ ಉಜ್ಜಿ, ಉದುರಿದ ಚೂರುಗಳನ್ನು ಒರೆಸಿ, ಸ್ಲಾಟ್‌ನ ಧೂಳನ್ನು ಒಣ ಬ್ರಷ್‌ನಿಂದ ತೆಗೆದು, ಕೊಂಡಿಗಳು ಟಕ್ಕೆನ್ನುವವರೆಗೆ ಒತ್ತಿ ಕೂರಿಸಿದಾಗ ಪರದೆ ಬೆಳಗಿತು. ತೇವವೂ ಧೂಳೂ ಸೇರಿ ಸಂಪರ್ಕ ಕೆಡಿಸಿದ್ದನ್ನು ಬೋರ್ಡಿನ ಸಾವೆಂದು ತಿಳಿಯುವುದು ನನಗೆ ಬಹಳ ಬೇಸರ ತರುವ ಸಂಗತಿ. ಎರಡು ರ‍್ಯಾಮ್‌ಗಳಿದ್ದರೆ ಒಂದೊಂದನ್ನೇ ಹಾಕಿ ಪರೀಕ್ಷಿಸಬೇಕು. ಬೀಪ್ ಸದ್ದು ಬಂದರೆ ಎಷ್ಟು ಸಲ, ಎಷ್ಟು ಉದ್ದ ಎಂದು ಬರೆದಿಟ್ಟುಕೊಳ್ಳಿ. ಅದರ ಅರ್ಥ, ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶವಾದ ಬಯೋಸ್‌ನ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಪರದೆಗೆ ಚಿತ್ರ ಕಳಿಸುವ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವಲ್ಲಿ ಮಾನಿಟರ್ ಕೇಬಲ್ ಅದಕ್ಕೇ ಜೋಡಿಸಿದೆಯೇ ಎಂದೂ ನೋಡಬೇಕು.

ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಸಂಜೆಯ ಸಿಡಿಲಿನ ಕಥೆ ಬೇರೆ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲನ್ನೂ ಗುಡುಗು ಸಮೀಪಿಸುವ ಮೊದಲೇ ಕಳಚಿಡಬೇಕು. ತಾಮ್ರದ ನೆಟ್‌ವರ್ಕ್ ತಂತಿಯ ಮೂಲಕವೂ ಸಿಡಿಲಿನ ಆಘಾತ ಬೋರ್ಡಿಗೆ ತಲುಪುತ್ತದೆ. ಸುಟ್ಟ ವಾಸನೆ ಬಂದ ಯಂತ್ರವನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ.

ಲಾಂಛನ ಬಂದು ಅಲ್ಲಿಯೇ ನಿಂತರೆ ಮೊದಲು ಪೆನ್‌ಡ್ರೈವ್ ಕಿತ್ತು ನೋಡಿ. ದಿನಾಂಕ ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನಲ್ಲಿರುವ 3 ವೋಲ್ಟ್‌ನ ಸಿಆರ್2032 ಬ್ಯಾಟರಿ ಬದಲಾಯಿಸಿ. ಬಯೋಸ್‌ನಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ ಕೇಬಲ್ ಪರೀಕ್ಷಿಸಬೇಕು. ಹಾರ್ಡ್‌ಡಿಸ್ಕಿನಿಂದ ಟಿಕ್ ಟಿಕ್ ಸದ್ದು ಬಂದರೆ ತಕ್ಷಣ ನಿಲ್ಲಿಸಬೇಕು, ಏಕೆಂದರೆ ಪ್ರತಿ ಪ್ರಯತ್ನವೂ ಉಳಿದಿರುವ ಮಾಹಿತಿಯನ್ನು ಇನ್ನಷ್ಟು ಅಪಾಯಕ್ಕೆ ಒಡ್ಡುತ್ತದೆ. ಎಲ್ಲವನ್ನೂ ಅಳಿಸಿ ಫಾರ್ಮ್ಯಾಟ್ ಮಾಡೋಣವೇ ಎಂದು ಯಾರೇ ಕೇಳಲಿ, ಅಂಥ ಸದ್ದಿಲ್ಲದ ಡಿಸ್ಕನ್ನು ಕಳಚಿ ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಫೋಟೋಗಳನ್ನೂ ಕಾಗದಪತ್ರಗಳನ್ನೂ ನಕಲು ಮಾಡಿಕೊಳ್ಳುವವರೆಗೆ ಒಪ್ಪಬೇಡಿ. ಹೊಸ ವಿಂಡೋಸ್ ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದ್ದರೆ ಹೀಗೆ ನಕಲು ಮಾಡಲು 48 ಅಂಕಿಗಳ ರಿಕವರಿ ಕೀ ಬೇಕಾಗುತ್ತದೆ. ಯಂತ್ರ ಸರಿಯಾಗಿರುವಾಗಲೇ ಆ ಅಂಕಿಗಳನ್ನು ಕಾಗದದಲ್ಲಿ ಬರೆದು ಜಾಗದ ದಾಖಲೆಗಳ ಜೊತೆಗಿಡಿ.